ಹದಿನೇಳು ಒಂದುಗಳು

ನಿಟ್ಟುವಳ್ಳಿಯ ಆ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ದಿನ ನಾನು ಸೂಟ್‌ಕೇಸ್ ಹಿಡಿದು ಇನ್ನೂ ಮೆಟ್ಟಿಲ ಬುಡದಲ್ಲೇ ನಿಂತಿದ್ದೆ. ಮನೆಯ ಯಜಮಾನಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದರು.

"ಹರಿಹರದ ಕಾಲೇಜಿನಾಗೆ ಗಣಿತ ಹೇಳ್ತೀರಂತೆ ಹೌದಾ ಮೇಡಂ? ಒಂದರ ಪಕ್ಕ ಒಂದು ಅಂತ ಐದು ಒಂದು ಬರೆದ್ರೆ, ಅದು ಯಾವುದ್ರಿಂದ ಹೋಗ್ತೈತೆ ಹೇಳ್ರಿ ನೋಡಾಣ."

ಹನ್ನೊಂದು ಸಾವಿರದ ನೂರ ಹನ್ನೊಂದು. ಮೂರರಿಂದ ಹೋಗುವುದಿಲ್ಲ, ಏಳರಿಂದಲೂ ಇಲ್ಲ. ಹನ್ನೊಂದರಿಂದ ಭಾಗಿಸಿ ನೋಡುತ್ತಿದ್ದೆ.

"ನಲವತ್ತೊಂದರಿಂದ ಹೋಗ್ತೈತೆ. ನಲವತ್ತೊಂದು ಇಂಟು ಇನ್ನೂರ ಎಪ್ಪತ್ತೊಂದು. ಎಂಎಸ್ಸಿ ಓದೀರಿ, ಇಷ್ಟು ಗೊತ್ತಿಲ್ಲ?" ಎಂದು ನಗದೇ ಹೇಳಿ, ಕೀಲಿಕೈ ಕೊಟ್ಟು ಒಳಗೆ ಹೋದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಎಂದೂ ಹೆಸರು ಹಿಡಿದು ಕರೆದದ್ದಿಲ್ಲ, ಅಕ್ಕ ಎಂದೇ ಕರೆಯುತ್ತಿದ್ದೆ. ಅವರ ಗಂಡನಿಗೆ ಗೊತ್ತಿಲ್ಲದ ಒಂದು ಸಂಗತಿ ಈ ಬರಹದಲ್ಲಿದೆ, ಅದೂ ಒಂದು ಕಾರಣ.

ಕೆಳಗಿನ ಮನೆಯ ನಡುಕೋಣೆಯಲ್ಲಿ ಒಂದು ಕಬ್ಬಿಣದ ಮಂಚವಿತ್ತು. ಅದರ ಮೇಲೆ ಅವರ ಮಗಳು. ಎರಡೂವರೆ ವರ್ಷಕ್ಕೆ ಬಂದ ಮೆದುಳು ಜ್ವರ ಅವಳಿಗೆ ಮಾತು, ನಡಿಗೆ, ಕೂರುವ ಶಕ್ತಿ ಯಾವುದನ್ನೂ ಉಳಿಸಿರಲಿಲ್ಲ. ನಾನು ಹೋದಾಗ ಅವಳಿಗೆ ಹನ್ನೆರಡು ವರ್ಷ. ಅಕ್ಕ ಅವಳನ್ನು ಕೊನೆಯವರೆಗೂ ಕೂಸು ಎಂದೇ ಕರೆದರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ರಾಗಿ ಗಂಜಿಯನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಗಂಟಲಿಗೆ ಬಿಡಬೇಕು. ಗಂಡ ಮಂಡಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಸೈಕಲ್ ಏರಿ ಹೋದರೆ ಬರುತ್ತಿದ್ದದ್ದು ಕತ್ತಲಾದ ಮೇಲೆ. ಅಷ್ಟು ಹೊತ್ತು ಮನೆಯಲ್ಲಿ ತಾಯಿ, ಮಗಳು, ಇಬ್ಬರೇ.

ನೋಡಲು ಬಂದವರು ಯಾರಾದರೂ ಲೊಚಗುಟ್ಟಿ "ಪಾಪ" ಅಂದರೆ ಅಕ್ಕನ ಮುಖ ಬಿಗಿಯುತ್ತಿತ್ತು. ಒಮ್ಮೆ ಓಣಿಯ ಹಿರಿಯಾಕೆಯೊಬ್ಬರು ಹಾಗೆಂದಾಗ, "ಪಾಪ ಅನ್ನಾಕ ಇಲ್ಲಿ ಯಾರೂ ಸತ್ತಿಲ್ಲ. ಚಾ ಕುಡೀರಿ, ಆರ್ತೈತೆ" ಎಂದುಬಿಟ್ಟರು. ಆಕೆ ಮತ್ತೆ ಬರಲಿಲ್ಲ. ಅಕ್ಕನಿಗೆ ಅದರ ಬೇಸರವೂ ಇರಲಿಲ್ಲ.

ಮಂಚದ ಕಾಲಬದಿಗೆ ಒಂದು ಮರದ ಸ್ಟೂಲು, ಅದರ ಮೇಲೆ ನೋಟುಪುಸ್ತಕ, ಪೆನ್ನು. ಕೂಸಿನ ಮಗ್ಗುಲು ಬದಲಾಯಿಸಿ, ಹಾಸಿಗೆ ಸರಿಮಾಡಿ, ಗಂಜಿಯ ಬಟ್ಟಲು ತೊಳೆದಿಟ್ಟು ಅವರು ಆ ಸ್ಟೂಲಿನ ಮುಂದೆ ನೆಲದ ಮೇಲೆ ಕೂರುತ್ತಿದ್ದರು. ನಾನು ಮೊದಲು ಅದನ್ನು ಮನೆ ಖರ್ಚಿನ ಲೆಕ್ಕ ಅಂದುಕೊಂಡಿದ್ದೆ. ಒಂದು ಭಾನುವಾರ ಹತ್ತಿರ ಕೂತು ನೋಡಿದರೆ ಪುಟದ ತುಂಬ ಒಂದೇ ಒಂದು ಭಾಗಾಕಾರ. ಭಾಜ್ಯದ ಜಾಗದಲ್ಲಿ ಬರೀ ಒಂದುಗಳು. ಎಣಿಸಿದೆ, ಹದಿನೇಳು.

ಅವರು ಕೊಕ್ಕನೂರಿನವರು. ಹರಿಹರಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಬಿಎಸ್ಸಿ ಮಾಡಿದ್ದರು. ಕೊನೆಯ ವರ್ಷ ಅವರ ಗಣಿತದ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೀ ಒಂದುಗಳ ಸಂಖ್ಯೆಗಳನ್ನು ಬರೆದು, ಯಾವುವು ಒಡೆಯುತ್ತವೆ, ಯಾವುವು ಒಡೆಯುವುದಿಲ್ಲ ನೋಡಿ ಎಂದಿದ್ದರಂತೆ. ಒಂದುಗಳ ಎಣಿಕೆಯೇ ಒಡೆಯುವಂಥದ್ದಾದರೆ ಸಂಖ್ಯೆಯೂ ಸುಲಭವಾಗಿ ಒಡೆಯುತ್ತದೆ. ಕಷ್ಟವೇನಿದ್ದರೂ ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಹದಿನೇಳು ಇಂಥ ಅವಿಭಾಜ್ಯ ಎಣಿಕೆಗಳದ್ದು. ಹನ್ನೊಂದು ಒಂದುಗಳದ್ದು ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತರಿಂದ ಹೋಗುತ್ತದೆ ಎಂದು ಇಡೀ ತರಗತಿಯಲ್ಲಿ ಕಂಡುಹಿಡಿದವರು ಇವರೊಬ್ಬರೇ. ಹದಿಮೂರರದ್ದು ಐವತ್ತಮೂರಕ್ಕೇ ಶರಣಾಯಿತು. ಹದಿನೇಳರದ್ದು ಮಾತ್ರ ಉಳಿಯಿತು. ಪರೀಕ್ಷೆ ಮುಗಿದ ತಿಂಗಳಿಗೇ ಮದುವೆ.

"ಕೂಸಿಗೆ ಹಿಂಗಾದ ಮೇಲೆ ಒಂದು ವರ್ಷ ಏನೂ ತಿಳೀಲಿಲ್ಲ. ಗೋಡೆ ನೋಡ್ಕೊಂತ ಕೂಡ್ತಿದ್ದೆ. ಒಂದಿನ ಗೋಡೆ ಮೇಲೆ ಬೆರಳಿನಾಗೆ ಒಂದು, ಒಂದು, ಒಂದು ಅಂತ ಬರ್ಕೊಂತ ಕುಂತೀನಿ. ಆವಾಗ ನೆನಪಾತು, ಇದು ಹಂಗೇ ಉಳಿದೈತಲ್ಲ ಅಂತ."

ಕಣ್ಣುಮುಚ್ಚಿ ಎಲ್ಲ ಸಂಖ್ಯೆಗಳಿಂದಲೂ ಭಾಗಿಸುತ್ತಿರಲಿಲ್ಲ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು ಮೂವತ್ತನಾಲ್ಕರಿಂದ ಭಾಗಿಸಿದರೆ ಒಂದು ಉಳಿಯಲೇಬೇಕು. ಮೇಷ್ಟ್ರು ಕಲಿಸಿದ್ದ ಆ ನಿಯಮ ಅವರಿಗೆ ನೆನಪಿತ್ತು. ನೂರ ಮೂರು, ನೂರ ಮೂವತ್ತೇಳು, ಇನ್ನೂರ ಮೂವತ್ತೊಂಬತ್ತು, ಮುನ್ನೂರ ಏಳು ಹೀಗೆ ಹತ್ತಿಕೊಂಡು ಹೋಗಿದ್ದರು. ಮೂರರಿಂದಲೋ ಐದರಿಂದಲೋ ಒಡೆಯುವಂಥವನ್ನು ಮೊದಲೇ ಹೊಡೆದುಹಾಕುತ್ತಿದ್ದರು. ಉಳಿದವುಗಳಿಂದ ದಿನಕ್ಕೆ ನಾಲ್ಕೈದು ಭಾಗಾಕಾರ. ಪುಟದ ಮೇಲೆ ತಾರೀಕು. ಲೆಕ್ಕ ಮುಗಿದ ಮೇಲೆ ಅಂಕಿಗಳನ್ನು ಕೂಡಿ ತಾಳೆ ನೋಡಿ ಮೂಲೆಯಲ್ಲೊಂದು ಸಣ್ಣ ರೈಟ್ ಗುರುತು. ನಾನು ನೋಡಿದಾಗ ಹದಿನೈದು ಲಕ್ಷದ ಹತ್ತಿರ ಬಂದಿದ್ದರು.

"ಇದು ಒಡೆಯದೇ ಇರೋ ಸಂಖ್ಯೆ ಆಗಿದ್ರೆ, ಹತ್ತೂವರೆ ಕೋಟಿತನಕ ನೋಡ್ಬೇಕು ಅಕ್ಕ" ಎಂದೆ. "ಈ ಲೆಕ್ಕದಾಗೆ ಆರುನೂರು ವರ್ಷಕ್ಕೂ ಮೇಲೆ ಬೇಕು."

"ಗೊತ್ತೈತೆ. ಮುಗಿಸಾಕ ಅಂತ ಯಾರು ಮಾಡ್ತಾರ?"

ಫೋನಿನಲ್ಲೋ ಕಂಪ್ಯೂಟರಿನಲ್ಲೋ ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ ಎಂಬುದು ಅವರಿಗೂ ತಿಳಿದಿತ್ತು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈ ಹಿಡಿದು ಮಂಚದ ಸರಳಿನ ಮೇಲಿಟ್ಟರು. "ನೀ ನೋಡ್ಬಾರ್ದು. ಕೂಸಿನ ಮುಂದೆ ಹೇಳು." ಹೇಳಿದೆ. ಅಂದಿನಿಂದ ನನಗೆ ಬಹುವಚನ ಹೋಗಿ ಏಕವಚನ ಬಂತು.

ನಾನು ಆ ಮನೆಗೆ ಬಂದ ನಾಲ್ಕನೇ ವರ್ಷ ಒಂದು ಮಧ್ಯಾಹ್ನ ಕೂಸಿಗೆ ಗಂಜಿ ಉಸಿರಿನ ಕೊಳವೆಗೆ ಹೋಯಿತು. ನಾನು ಹರಿಹರದಲ್ಲಿ ಪಾಠ ಮಾಡುತ್ತಿದ್ದೆ. ಎದುರು ಮನೆಯ ಆಟೋ ಓಡಿಸುವ ಸಾಬರು ಊಟಕ್ಕೆ ಬಂದಿದ್ದವರು ಇವರ ಕೂಗು ಕೇಳಿ ಓಡಿ ಬಂದು, ಕೂಸನ್ನು ಎತ್ತಿ ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸಿದರು. ಹನ್ನೊಂದು ದಿನ ಐಸಿಯುನಲ್ಲಿಟ್ಟಿದ್ದರು. ಜೀವ ಉಳಿಯಿತು. ಆದರೆ ಮನೆಗೆ ಬಂದ ಕೂಸು ಮೊದಲಿನ ಕೂಸಲ್ಲ. ಮೊದಲು ತಾಯಿಯ ದನಿ ಬಂದತ್ತ ಕಣ್ಣು ಹೊರಳಿಸುತ್ತಿತ್ತು, ಅದು ನಿಂತುಹೋಯಿತು. ನುಂಗುವುದೂ ನಿಂತು ಮೂಗಿನಲ್ಲಿ ನಳಿಕೆ ಬಂತು. ಡಾಕ್ಟರು ಸ್ವಲ್ಪ ಹೊತ್ತು ಮೆದುಳಿಗೆ ಗಾಳಿ ಹೋಗಿಲ್ಲ ಎಂದರಂತೆ.

"ಪಕ್ಕದಾಗೇ ಇದ್ದೆ. ಕೆಮ್ಮು ಬಂದ ಕೂಡ್ಲೆ ಎತ್ತಿಕೊಂಡೆ" ಎಂದು ಅಕ್ಕ ಎಲ್ಲರಿಗೂ ಹೇಳಿದರು. ಕೇಳದವರಿಗೂ ಹೇಳಿದರು.

ಎರಡು ವರ್ಷದ ಮೇಲಿನ ಮಾತು. ತರಗತಿಯಲ್ಲಿ ಅವಿಭಾಜ್ಯ ಸಂಖ್ಯೆಗಳ ಪಾಠ ಮಾಡುವಾಗ ಮಾತಿನ ಭರದಲ್ಲಿ ಹದಿನೇಳು ಒಂದುಗಳನ್ನು ಬೋರ್ಡಿನ ಮೇಲೆ ಬರೆದೆ. ಇದು ಒಡೆಯುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ, ನನ್ನ ಪರಿಚಯದವರೊಬ್ಬರು ಕೈಲೆಕ್ಕದಲ್ಲಿ ಹುಡುಕುತ್ತಿದ್ದಾರೆ ಎಂದೆ. ಮರುದಿನ ಹಾಜರಿ ಕೂಗುವ ಮೊದಲೇ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಮಿಸ್, ಅದು ಒಡೀತೈತೆ. ಮನೆಯಾಗೆ ಅಣ್ಣನ ಫೋನಿನಾಗೆ ನೋಡಿದೆ. ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರದ ಏಳುನೂರ ಇಪ್ಪತ್ಮೂರರಿಂದ ಹೋಗ್ತೈತೆ."

ಅವಳನ್ನು ಹೊಗಳಿ ಕೂರಿಸಿದೆ. ಅಕ್ಕ ಆಗಲೇ ಇಪ್ಪತ್ಮೂರು ಲಕ್ಷ ದಾಟಿದ್ದರು.

ಆ ವಾರವೇ ಅವರು ನನ್ನನ್ನು ಕೂಸಿನ ಹತ್ತಿರ ಕೂರಿಸಿ ಬ್ಯಾಂಕಿಗೆ ಹೋದರು. ಗೋಡೆಯ ಗೂಡಿನಲ್ಲಿ ಹಳೆಯ ನೋಟುಪುಸ್ತಕಗಳು ವರ್ಷದ ಪ್ರಕಾರ ಜೋಡಿಸಿದ್ದವು. ಹುಡುಕುವುದು ಕಷ್ಟವಾಗಲಿಲ್ಲ. 2071723. ಪುಟದ ಮೇಲಿದ್ದ ತಾರೀಕು ಕೂಸನ್ನು ಆಸ್ಪತ್ರೆಗೆ ಒಯ್ದ ದಿನದ್ದು. ಐದನೇ ಸಾಲಿನ ಕಳೆಯುವ ಲೆಕ್ಕದವರೆಗೆ ನೀಲಿ ಶಾಯಿ. ಅಲ್ಲಿಂದ ಕೆಳಕ್ಕೆ ಕಪ್ಪು ಶಾಯಿ, ಅಂಚಿನಲ್ಲಿ ಹನ್ನೆರಡು ದಿನಗಳ ನಂತರದ ತಾರೀಕು. ತಪ್ಪು ಇದ್ದದ್ದು ಆ ಐದನೇ ಸಾಲಿನಲ್ಲಿ. ಸೊನ್ನೆಯಿಂದ ನಾಲ್ಕು ಹೋಗದೆ ಪಕ್ಕದಿಂದ ದಶಕ ತೆಗೆದುಕೊಂಡಿದ್ದಾರೆ, ಕೊಟ್ಟ ಮನೆಯಲ್ಲಿ ಒಂದು ಕಡಿಮೆ ಮಾಡುವುದನ್ನು ಮರೆತಿದ್ದಾರೆ. ನಾಲ್ಕು ಲಕ್ಷ ಬರಬೇಕಾದಲ್ಲಿ ಐದು ಲಕ್ಷ ಬಂದಿದೆ. ಅದರ ಕೆಳಗಿನ ಲೆಕ್ಕವೆಲ್ಲ ಆ ತಪ್ಪಿನ ಮೇಲೆ ಸರಿಯಾಗಿಯೇ ನಡೆದು, ಕೊನೆಗೆ ಹದಿನೆಂಟು ಲಕ್ಷ ಚಿಲ್ಲರೆ ಶೇಷ ಉಳಿದಿದೆ. ಮೂಲೆಯಲ್ಲಿ ರೈಟ್ ಗುರುತು ಇರಲಿಲ್ಲ.

ಪುಸ್ತಕವನ್ನು ಇದ್ದಂತೆಯೇ ಇಟ್ಟೆ. ಕೂಸು ನಳಿಕೆಯಲ್ಲಿ ಉಸಿರಾಡಿದಂತೆ ಸಣ್ಣ ಸದ್ದು ಮಾಡುತ್ತಿತ್ತು. ಬ್ಯಾಂಕಿನಿಂದ ಬಂದ ಅಕ್ಕ ಚಪ್ಪಲಿ ಬಿಡುತ್ತಾ "ಏನಾರ ಅಂತಾ?" ಎಂದು ಕೇಳಿದರು. ಕೂಸು ಏನನ್ನೂ ಅನ್ನುವುದಿಲ್ಲ ಎಂದು ಗೊತ್ತಿದ್ದೂ ಹಾಗೆ ಕೇಳುವುದು ಅವರ ರೂಢಿ. "ಇಲ್ಲ ಅಕ್ಕ" ಎಂದೆ. ಅವರು ಕೈಕಾಲು ತೊಳೆದು, ಮಗ್ಗುಲು ಬದಲಾಯಿಸಿ, ಸ್ಟೂಲಿನ ಮುಂದೆ ಕೂತು ಪೆನ್ನಿನ ಮುಚ್ಚಳ ತೆಗೆದರು. ನಾನು ಹೇಳಲಿಲ್ಲ. ಹೇಳಿದರೆ ನಾಳೆಯಿಂದ ಈ ಹೆಂಗಸು ಆ ಎರಡೆರಡು ತಾಸುಗಳನ್ನು ಏನು ಮಾಡಬೇಕು?

ಮುಂದಿನ ಚಳಿಗಾಲದಲ್ಲಿ ಕೂಸು ನ್ಯುಮೋನಿಯಾದಿಂದ ತೀರಿಕೊಂಡಿತು. ಹತ್ತೊಂಬತ್ತು ತುಂಬಿರಲಿಲ್ಲ. ಅಕ್ಕ ಅಳಲಿಲ್ಲ, ಅಥವಾ ನಾನು ನೋಡಲಿಲ್ಲ. ಕಾರ್ಯ ಮುಗಿದ ಮರುದಿನ ಮಂಚವನ್ನು ಯಾರಿಗೋ ಕೊಟ್ಟರು. ಮಂಚವಿದ್ದ ಜಾಗದಲ್ಲೇ ಸ್ಟೂಲು ಎಳೆದುಕೊಂಡು ಕೂತರು.

ಮೊದಲಾದರೆ ಎರಡು ತಾಸಿಗೊಮ್ಮೆ ಏಳಲೇಬೇಕಿತ್ತು. ಈಗ ಏಳಿಸುವವರಿಲ್ಲ. ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಕೂತಿದ್ದವರು ಸಂಜೆ ಬಂದಾಗಲೂ ಅದೇ ಸೀರೆಯಲ್ಲಿ, ಅದೇ ಭಂಗಿಯಲ್ಲಿ ಇರುತ್ತಿದ್ದರು. ದಿನಕ್ಕೆ ಮೂವತ್ತು ನಲವತ್ತು ಭಾಗಾಕಾರ. ಒಲೆ ಹೊತ್ತಿಸುತ್ತಿರಲಿಲ್ಲ. ಬಲಗೈಯ ನಡುಬೆರಳು ಊದಿ ಉಗುರಿನ ಪಕ್ಕ ಕೀವಾಗಿತ್ತು, ಅದಕ್ಕೆ ಬಟ್ಟೆ ಸುತ್ತಿಕೊಂಡು ಬರೆಯುತ್ತಿದ್ದರು. ಗಂಡ ಒಂದು ದಿನ ಮೆಟ್ಟಿಲ ಹತ್ತಿರ ನನ್ನನ್ನು ತಡೆದರು. ಮೃದು ಮಾತಿನ ಮನುಷ್ಯ, ಜೋರು ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ.

"ಮೇಡಂರೇ, ನಿಮ್ಮ ಮಾತು ಕೇಳ್ತಾಳ. ಒಂದೀಟು ಹೇಳ್ರಿ. ಉಣ್ಣಾಕೂ ಏಳವಲ್ಲಳು. ಆ ಲೆಕ್ಕ ಯಾವಾಗ ಮುಗಿತೈತ್ರಿ?"

ಲೆಕ್ಕ ಮುಗಿದಿದೆ ಎಂದು ತಿಳಿದರೆ ಎದ್ದಾರು ಎಂದುಕೊಂಡೆ. ಉತ್ತರ ಸಿಕ್ಕ ಸಂತೋಷವೂ ಒಂದಿಷ್ಟು ಆದೀತು ಎಂದುಕೊಂಡೆ. ಇಷ್ಟು ವರ್ಷ ಗಣಿತ ಕಲಿಸಿಯೂ ನಾನು ಯೋಚಿಸಿದ್ದು ಇಷ್ಟೇ.

ಭಾನುವಾರ ಬೆಳಿಗ್ಗೆ ಅವರಿಗೆ ಉಪ್ಪಿಟ್ಟು ಮಾಡಿಕೊಂಡು ಹೋದೆ. ಎರಡು ತುತ್ತು ತಿಂದರು. ಆಮೇಲೆ ಹೇಳಿದೆ. ವಿದ್ಯಾರ್ಥಿನಿಯಿಂದ ಗೊತ್ತಾದದ್ದು, ನಾನು ಹುಡುಕಿ ನೋಡಿದ್ದಲ್ಲ ಎಂಬುದನ್ನು ಮೊದಲು ಹೇಳಿದೆ. ನನ್ನ ಮಾತು ಉಳಿಸಿಕೊಂಡಿದ್ದೇನೆ ಎಂದು ತೋರಿಸಿಕೊಳ್ಳುವ ಆತುರ ನನಗಿತ್ತು.

ಅವರು ತಟ್ಟೆ ಪಕ್ಕಕ್ಕಿಟ್ಟು, "ಎಷ್ಟು?" ಎಂದರು. ಸಂಖ್ಯೆ ಹೇಳಿದೆ. ಹೊಸ ಪುಟ ತಿರುಗಿಸಿ, ಅದರ ಒಂದರಿಂದ ಒಂಬತ್ತರವರೆಗಿನ ಮಗ್ಗಿ ಬರೆದುಕೊಂಡು ಭಾಗಿಸತೊಡಗಿದರು. ಹತ್ತು ಸಾಲು. ಕೊನೆಯ ಸಾಲಿನಲ್ಲಿ ಮೇಲಿನ ಅಂಕಿಗಳೂ ಕೆಳಗಿನ ಅಂಕಿಗಳೂ ಒಂದೇ ಆಗಿದ್ದವು. ಸೊನ್ನೆ ಬರೆದರು. ಭಾಗಲಬ್ಧ ಐನೂರ ಮೂವತ್ತಾರು ಕೋಟಿ ಚಿಲ್ಲರೆ.

"ಆ ದೊಡ್ಡದು ಮತ್ತೆ ಒಡೆಯಲ್ಲ ಅಕ್ಕ. ಅದನ್ನೂ ಆ ಹುಡುಗಿ..."

"ಅದನ್ನ ಯಾರೂ ಹೇಳೋದು ಬ್ಯಾಡ. ಒಡೆಯೋದಿದ್ರೆ ಇದಕ್ಕಿಂತ ಸಣ್ಣದ್ರಿಂದ ಒಡೀಬೇಕಿತ್ತು. ಸಣ್ಣವೆಲ್ಲ ನೋಡಿ ಬಂದೀನಲ್ಲ." ಕೆಳಗೆ ಗುಣಾಕಾರವನ್ನು ಒಂದೇ ಸಾಲಿನಲ್ಲಿ ಬರೆದು, ಪೆನ್ನಿಟ್ಟು ಹೇಳಿದರು, "ಅವತ್ತೇ ಎಲ್ಲ ಮುಗೀತಿತ್ತು."

ಆಮೇಲೆ ಗೂಡಿನ ಹತ್ತಿರ ಹೋಗಿ, ಹುಡುಕಾಡದೆ ಸೀದಾ ಆ ಪುಸ್ತಕಕ್ಕೇ ಕೈಹಾಕಿ ಆ ಪುಟ ತೆರೆದರು. ಬಟ್ಟೆ ಸುತ್ತಿದ ಬೆರಳು ಐದನೇ ಸಾಲಿನ ಮೇಲೆ ಬಂದು ನಿಂತಿತು.

"ಗಂಜಿ ಕುಡಿಸಿ, ಮಲಗಿಸಿ ಬಂದು ಕುಂತಿದ್ದೆ. ಇವರಿಗೆ, ಡಾಕ್ಟ್ರಿಗೆ, ನಿಂಗೆ ಎಲ್ಲಾರಿಗೂ ಪಕ್ಕದಾಗೇ ಇದ್ದೆ ಅಂದೆ. ಪಕ್ಕದಾಗೇ ಇದ್ದೆ, ಸುಳ್ಳಲ್ಲ. ಬರೀತಿದ್ದೆ. ಎದ್ದು ನೋಡೋ ಹೊತ್ತಿಗೆ ತುಟಿ ನೀಲಿ ಆಗಿದ್ದು."

"ಬರೀವಾಗ ಕೇಳಿಸಿರಲ್ಲ ಅಕ್ಕ."

"ನಾನೂ ಹಂಗೇ ಅನ್ಕೊಂಡಿದ್ದೆ. ಲೆಕ್ಕದಾಗೆ ಮುಳುಗಿದ್ದೆ, ಕೆಮ್ಮು ಕೇಳಿಸಿಲ್ಲ, ಅಂತ. ಮೂರು ವರ್ಷ ಅದನ್ನೇ ನನಗ ನಾನೇ ಹೇಳ್ಕೊಂಡು ಬಂದೀನಿ. ಈ ಪುಟ ತಿರುಗಿಸಿ ನೋಡಾಕ ಧೈರ್ಯ ಆಗ್ಲಿಲ್ಲ, ತಾಳೆ ಸೈತ ನೋಡ್ಲಿಲ್ಲ." ಬೆರಳನ್ನು ತಪ್ಪಾದ ಅಂಕಿಯ ಮೇಲೆ ಒತ್ತಿದರು. "ಹದಿನೈದು ವರ್ಷದಾಗೆ ಎಲ್ಲಿಯೂ ದಶಕ ಮರ್ತಿಲ್ಲ ನಾನು. ಇಲ್ಲಿ ಮರ್ತೀನಿ. ಯಾಕ ಮರ್ತೆ? ಅವಸರ ಇತ್ತು. ಯಾಕ ಅವಸರ ಇತ್ತು? ಕೇಳಿಸಿತ್ತು ನನಗ. ಇದೊಂದು ಸಾಲು ಮುಗಿಸಿ ಎದ್ರಾತು ಅಂತ ಮುಗಿಸೀನಿ."

"ಅರ್ಧ ನಿಮಿಷದ ಕೆಲಸ ಅಕ್ಕ ಅದು. ಅಷ್ಟರಾಗೆ ಏನೂ..."

"ನಿನಗೇನು ಗೊತ್ತು?"

ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡು ಎದ್ದೆ. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ "ಇವರಿಗೆ ಹೇಳ್ಬ್ಯಾಡ" ಎಂದರು.

ಅಂದಿನಿಂದ ಅವರು ಪೆನ್ನು ಮುಟ್ಟಲಿಲ್ಲ. ಅಡುಗೆ ಮಾಡತೊಡಗಿದರು. ಗಂಡನಿಗೆ ಬುತ್ತಿ ಕಟ್ಟಿ ಕಳಿಸತೊಡಗಿದರು. ವಾರ ಕಳೆದ ಮೇಲೆ ಗಂಡ ನನ್ನನ್ನು ಮತ್ತೆ ಮೆಟ್ಟಿಲ ಹತ್ತಿರ ಹಿಡಿದು, "ಲೆಕ್ಕ ಬಿಟ್ಟಾಳಲ್ರಿ, ಏನಾತು?" ಎಂದು ಕೇಳಿದರು. "ಉತ್ತರ ಸಿಕ್ತು ಅಣ್ಣಾರೆ" ಎಂದೆ.

"ಹೌದಾ? ಆಕೀಗೇ ಸಿಕ್ತಾ?"

"ಹೂಂ."

ಆ ಮನುಷ್ಯನ ಮುಖ ಅರಳಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಸಂಜೆ ಪೇಡೆ ತಂದು ಓಣಿಗೆಲ್ಲ ಹಂಚಿದರು. ಎದುರು ಮನೆಯ ಸಾಬರಿಗೆ "ಹದಿನೈದು ವರ್ಷದ ಲೆಕ್ಕ, ನಮ್ಮಾಕಿ ಬಿಡಿಸಿದಳು" ಎಂದರು. ಸಾಬರು "ಮುಬಾರಕ್ ಅಕ್ಕಾ" ಎಂದು ಕೈಮುಗಿದರು. ಅಕ್ಕ ಬಾಗಿಲಲ್ಲಿ ನಿಂತಿದ್ದರು. ಗಂಡ ಎಲ್ಲರೆದುರು ಒಂದು ಪೇಡೆಯನ್ನು ಅವರ ಬಾಯಿಗೆ ಹಿಡಿದರು. ಅವರು ಬಾಯಿ ತೆರೆದು ತೆಗೆದುಕೊಂಡರು, ನನ್ನತ್ತ ನೋಡದೆ ಅಗಿದು ನುಂಗಿದರು.

ನಾನು ಆ ವರ್ಷವೇ ಹರಿಹರದಲ್ಲಿ ಮನೆ ಮಾಡಿದೆ. ಬಸ್ಸಿನ ಓಡಾಟ ಸಾಕಾಗಿದೆ ಎಂದು ಎಲ್ಲರಿಗೂ ಹೇಳಿದೆ. ಹಬ್ಬ ಹುಣ್ಣಿಮೆಗೆ ಹೋಗಿ ಬರುತ್ತಿದ್ದೆ. ಅಕ್ಕ ಕೂಡ್ರಿಸಿ, ಉಣ್ಣಿಸಿ, ಕಾಲೇಜಿನ ಸುದ್ದಿ ಕೇಳಿ ಕಳಿಸುತ್ತಿದ್ದರು. ಆದರೆ ಮತ್ತೆ "ಮೇಡಂ, ಬರ್ರಿ" ಶುರುವಾಗಿತ್ತು. ನನ್ನ ಏಕವಚನ ಹೋಗಿತ್ತು. ಹೊಟ್ಟೆಯಲ್ಲಿ ಗಡ್ಡೆ ಬೆಳೆಯುತ್ತಿದ್ದದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಹೇಳುವಷ್ಟರಲ್ಲಿ ಡಾಕ್ಟರು ಮಾಡುವಂಥದ್ದೇನೂ ಉಳಿದಿರಲಿಲ್ಲ. ಕಳೆದ ತಿಂಗಳು ಹೋದರು. ಐವತ್ತೂ ಆಗಿರಲಿಲ್ಲ.

ಸುದ್ದಿ ಬಂದಾಗ ಪರೀಕ್ಷೆಯ ಕೆಲಸದಲ್ಲಿದ್ದೆ. ಹೋಗಲಾಗಿದ್ದು ಮೂರನೆಯ ದಿನ. ಓಣಿಯ ತಿರುವಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಮದುವೆಯ ಕಾಲದ ಫೋಟೋ, ಸುತ್ತ ಹೂವಿನ ಚಿತ್ರ. ಹೆಸರಿನ ಕೆಳಗೆ, ಸಾಮಾನ್ಯವಾಗಿ ಮಕ್ಕಳ ಮೊಮ್ಮಕ್ಕಳ ಹೆಸರು ಬರೆಸುವ ಜಾಗದಲ್ಲಿ, ಕೆಂಪಕ್ಷರದಲ್ಲಿ ಒಂದು ಸಾಲು:

11111111111111111 = 2071723 × 5363222357

ಅವರ ಗಂಡ ಪೆಂಡಾಲಿನ ಕೆಳಗಿನಿಂದ ನನ್ನನ್ನು ನೋಡಿ ಎದ್ದು ಬಂದರು. ಕೈ ಹಿಡಿದುಕೊಂಡರು. ಆಮೇಲೆ ಫ್ಲೆಕ್ಸಿನತ್ತ ತೋರಿಸಿದರು.

"ಆಕೀ ಬುಕ್ಕಿನಾಗೆ ಕೊನೇ ಪುಟದಾಗೆ ಇತ್ರಿ, ಹಂಗೇ ಬರೆಸೀನಿ. ಸರಿ ಐತೇನು ಒಂಚೂರು ನೋಡ್ರಿ ಮೇಡಂರೇ. ಪ್ರಿಂಟ್ ಹಾಕೋರು ಒಂದ್ ಬಿಟ್ಟು ಒಂದ್ ಹಾಕಿರ್ತಾರ. ತಪ್ಪಿದ್ರೆ ಆಕೀಗೆ ಸೇರಲ್ಲ."

ಬಿಸಿಲಿಗೆ ಕೈ ಅಡ್ಡ ಹಿಡಿದು ಒಂದೊಂದೇ ಅಂಕಿಯನ್ನು ನೋಡಿದೆ. ಒಂದುಗಳನ್ನು ಎಣಿಸಿದೆ. ಎಡದಿಂದ ಒಂದು ಸಲ, ಬಲದಿಂದ ಒಂದು ಸಲ. ಅವರು ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದರು.

"ಸರಿ ಐತೆ ಅಣ್ಣಾರೆ" ಎಂದೆ. "ಒಂದೂ ತಪ್ಪಿಲ್ಲ."